ಕ್ರೀಂ ಹಚ್ಚಿದ್ರೆ ಕಮ್ಮಿ ಆಗಿ ಮತ್ತೆ ಬರೋ ಯೋನಿ ತುರಿಕೆಗೆ ಏನ್ ಮಾಡೋದು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಕೆಲವು ವಾರದಿಂದ ತುರಿಕೆ, ಜೊತೆಗೆ ಸ್ವಲ್ಪ ಬಿಳಿ ಸೆರಗು, ಔಷಧಿ ಅಂಗಡೀಲಿ ಕೇಳಿ ತಂದ ಕ್ರೀಂ ಹಚ್ಚಿದ್ರೆ ಎರಡು ದಿನ ಆರಾಮ ಆಮೇಲೆ ಮತ್ತೆ ಶುರು, ದಿನಕ್ಕೆ ಮೂರು ಸಲ ಸೋಪ್ ಹಾಕಿ ತೊಳೀತಿದೀನಿ, ಡಾಕ್ಟರ್ ಹತ್ರ ಹೋಗೋಕೆ ನಾಚಿಕೆ, ಯಾವ ಕ್ರೀಂ ಒಳ್ಳೇದು ಹೇಳಿ ಅಂತ ಕೇಳಿದೀರ. ಕ್ರೀಂ ಹೆಸರು ಹೇಳೋಕೆ ಹೋಗಲ್ಲ. ನಾನು ಡಾಕ್ಟರ್ ಅಲ್ಲ, ಲ್ಯಾಬಲ್ಲಿ ಕೆಲಸ ಮಾಡೋಳು, ಇಂಥ ತೊಂದ್ರೆ ಇರೋರ ಸ್ವಾಬ್ ಸ್ಯಾಂಪಲ್, ಅಂದ್ರೆ ಹತ್ತಿ ಕಡ್ಡೀಲಿ ತೆಗೆದ ಸೆರಗು, ಬಂದಾಗ ಅದನ್ನ ಗಾಜಿನ ಸ್ಲೈಡ್ ಮೇಲೆ ಹಚ್ಚಿ ಮೈಕ್ರೋಸ್ಕೋಪಲ್ಲಿ ನೋಡೋದು ನನ್ನ ಕೆಲಸ, ಅದಕ್ಕೇ ಇಷ್ಟು ಖಂಡಿತವಾಗಿ ಹೇಳ್ತೀನಿ: ಹೊರಗಿಂದ ಒಂದೇ ತರ ಕಾಣೋ ತುರಿಕೆಗೆ ಒಳಗೆ ಬೇರೆ ಬೇರೆ ಕಾರಣ ಇರತ್ತೆ, ಒಂದರ ಔಷಧಿ ಇನ್ನೊಂದಕ್ಕೆ ನಾಟೋದೇ ಇಲ್ಲ.

ಮೊದ್ಲು ಆ ಸೋಪ್ ನಿಲ್ಲಿಸಿ, ಇವತ್ತೇ. ಯೋನಿ ಒಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೇ ಬ್ಯಾಕ್ಟೀರಿಯಾ ಇರತ್ತೆ, ಅದು ಲ್ಯಾಕ್ಟಿಕ್ ಆಸಿಡ್ ಮಾಡಿ ಜಾಗವನ್ನ ಹುಳಿಯಾಗಿ ಇಟ್ಟಿರತ್ತೆ, ಹುಳಿ ಅಳೆಯೋ ಪಿಎಚ್ ಲೆಕ್ಕದಲ್ಲಿ ಸುಮಾರು 3.8 ರಿಂದ 4.5 ಒಳಗೆ, ಈ ಹುಳೀಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಸೋಪು ಕ್ಷಾರ, ಅಂದ್ರೆ ಹುಳಿಗೆ ಉಲ್ಟಾ. ತುರಿಕೆ ಅಂತ ತೊಳೀತೀರ, ತೊಳೆದಷ್ಟೂ ಚರ್ಮ ಒಣಗಿ ಬಿರುಕು ಬಿಡತ್ತೆ, ಒಳಗಿನ ಹುಳಿ ಕಮ್ಮಿ ಆಗತ್ತೆ, ಇನ್ನೂ ತುರಿಸತ್ತೆ, ಮತ್ತೆ ತೊಳೀತೀರ. ಒಳಗಡೆ ಏನೂ ಹಾಕಿ ತೊಳೆಯೋ ಅವಶ್ಯಕತೆನೇ ಇಲ್ಲ, ಅದು ತಾನೇ ಕ್ಲೀನ್ ಮಾಡ್ಕೊಳತ್ತೆ, ಹೊರಗೆ ಬರೀ ನೀರು ಸಾಕು. ಆ ಜಾಗಕ್ಕೆ ಅಂತಾನೇ ಮಾರೋ ಪರ್‌ಫ್ಯೂಮ್ ವಾಷು, ವೈಪ್ಸು, ಆಂಟಿಸೆಪ್ಟಿಕ್ ಲಿಕ್ವಿಡ್ಡು ಇದ್ಯಾವುದೂ ಬೇಡ. ಎಷ್ಟೋ ಜನಕ್ಕೆ ಇನ್ಫೆಕ್ಷನ್ನೇ ಇರಲ್ಲ, ಸೆಂಟ್ ಹಾಕಿರೋ ಪ್ಯಾಡ್, ದಿನಾ ಹಾಕೋ ಪ್ಯಾಂಟಿ ಲೈನರ್, ಹೊಸ ಡಿಟರ್ಜೆಂಟ್, ಕೂದಲು ತೆಗೆಯೋ ಕ್ರೀಂ, ಕಾಂಡೋಮಿನ ರಬ್ಬರ್, ಇಂಥದ್ದೊಂದು ಅಲರ್ಜಿ ಆಗಿ ತುರಿಸ್ತಿರತ್ತೆ. ತುರಿಕೆ ಶುರು ಆಗೋ ಹೊತ್ತಿಗೆ ಹೊಸದಾಗಿ ಏನು ಬಳಸೋಕೆ ಶುರು ಮಾಡಿದ್ರಿ ಅಂತ ಒಂದ್ಸಲ ಕೂತು ಯೋಚನೆ ಮಾಡಿ.

ಇನ್ನು ಇನ್ಫೆಕ್ಷನ್ ವಿಷಯ. ಜಾಸ್ತಿ ಸಿಗೋದು ಮೂರು, ಸ್ಲೈಡಲ್ಲಿ ಮೂರೂ ಬೇರೆ ಬೇರೆ ತರ ಕಾಣತ್ತೆ.

ಒಂದು ಕ್ಯಾಂಡಿಡಾ, ಅಂದ್ರೆ ಫಂಗಸ್. ಇದರಲ್ಲಿ ತುರಿಕೆ ಜೋರು, ಉರಿ, ಹೊರಗಿನ ಚರ್ಮ ಕೆಂಪಾಗಿ ಊದ್ಕೊಂಡಿರತ್ತೆ, ಉಚ್ಚೆ ತಾಗಿದ್ರೆ ಚುರ್ ಅನ್ನತ್ತೆ, ಸೆರಗು ಮೊಸರು ಗಡ್ಡೆ ತರ ಗಟ್ಟಿ ಬಿಳಿ, ವಾಸನೆ ಅಷ್ಟಾಗಿ ಇರಲ್ಲ. ಸ್ಲೈಡ್ ಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ರೆ ಜೀವಕೋಶಗಳೆಲ್ಲಾ ಕರಗಿ ಮಸುಕಾಗತ್ತೆ, ಫಂಗಸ್ ಮಾತ್ರ ಕರಗಲ್ಲ, ಉದ್ದ ಎಳೆಗಳು, ಪಕ್ಕದಲ್ಲಿ ಮೊಳಕೆ ಒಡೀತಿರೋ ಸಣ್ಣ ಗುಂಡುಗಳು ಸ್ಪಷ್ಟವಾಗಿ ಉಳ್ಕೊಳತ್ತೆ. ಎರಡನೇದು ಬ್ಯಾಕ್ಟೀರಿಯಲ್ ವಜೈನೋಸಿಸ್, ಇದರಲ್ಲಿ ತುರಿಕೆಗಿಂತ ವಾಸನೆ ಜಾಸ್ತಿ, ತೆಳ್ಳಗೆ ಬೂದು ಬಣ್ಣದ ಸೆರಗು, ಮೀನಿನ ವಾಸನೆ, ಸೆಕ್ಸ್ ಆದ್ಮೇಲೆ ಇನ್ನೂ ಹೆಚ್ಚು. ಒಳ್ಳೇ ಬ್ಯಾಕ್ಟೀರಿಯಾ ಕಮ್ಮಿಯಾಗಿ ಬೇರೆಯವು ತುಂಬ್ಕೊಂಡಿರತ್ತೆ, ಜೀವಕೋಶದ ಅಂಚೇ ಕಾಣದಷ್ಟು ಮೆತ್ಕೊಂಡಿರತ್ತೆ. ಮೂರನೇದು ಟ್ರೈಕೊಮೊನಾಸ್ ಅನ್ನೋ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ, ಸೆಕ್ಸ್ ಮೂಲಕ ಬರೋದು, ಹಳದಿ ಅಥವಾ ಹಸಿರು ಸೆರಗು, ಕೆಲವು ಸಲ ನೊರೆ ನೊರೆ. ಇದನ್ನ ಸಲೈನ್ ಅಂದ್ರೆ ಉಪ್ಪುನೀರಿನ ಹನೀಲಿ ಇಟ್ಟು ತಕ್ಷಣ ನೋಡ್ಬೇಕು, ಬಾಲ ಬಡೀತಾ ಜರ್ಕ್ ಹೊಡೀತಾ ಓಡಾಡ್ತಿರತ್ತೆ, ಸ್ಯಾಂಪಲ್ ತಡ ಆಗಿ ಬಂದ್ರೆ ಓಡಾಟ ನಿಂತು ಗುರುತು ಹಿಡಿಯೋದೇ ಕಷ್ಟ ಆಗತ್ತೆ.

ಈಗ ಔಷಧಿ ನೋಡಿ, ಯಾಕೆ ಊಹೆ ಮೇಲೆ ಹಚ್ಬಾರ್ದು ಅಂತ ಗೊತ್ತಾಗತ್ತೆ. ಫಂಗಸ್‌ಗೆ ಕ್ಲೋಟ್ರಿಮಜೋಲ್, ರಾತ್ರಿ ಮಲಗೋವಾಗ ಒಳಗೆ ಇಟ್ಕೊಳೋ ಮಾತ್ರೆ, 500 ಮಿಲಿಗ್ರಾಂ ಆದ್ರೆ ಒಂದೇ ಸಲ, ಕಮ್ಮಿ ಡೋಸಿಂದಾದ್ರೆ ಕೆಲವು ದಿನ, ಇಲ್ಲಾಂದ್ರೆ ಫ್ಲುಕೊನಜೋಲ್ 150 ಮಿಲಿಗ್ರಾಂ ಬಾಯಿಗೆ ಒಂದು ಮಾತ್ರೆ. ಬಸುರಿ ಆಗಿದ್ರೆ ಫ್ಲುಕೊನಜೋಲ್ ಬೇಡ, ಒಳಗಿಡೋ ಔಷಧೀನೇ ಡಾಕ್ಟರ್ ಕೊಡ್ತಾರೆ. ಉಳಿದ ಎರಡಕ್ಕೆ ಫಂಗಸ್ ಔಷಧಿ ಏನೂ ಮಾಡಲ್ಲ, ಅದಕ್ಕೆ ಮೆಟ್ರೊನಿಡಜೋಲ್, ಸಾಮಾನ್ಯವಾಗಿ 500 ಮಿಲಿಗ್ರಾಂ ದಿನಕ್ಕೆರಡು ಸಲ 7 ದಿನ. ಟ್ರೈಕೊಮೊನಾಸ್ ಆದ್ರೆ ಗಂಡನಿಗೂ ಅಥವಾ ಪಾರ್ಟ್ನರ್‌ಗೂ ಕೊಡ್ಲೇಬೇಕು, ಇಬ್ಬರದ್ದೂ ಮುಗಿಯೋ ತನಕ ಸೆಕ್ಸ್ ಬೇಡ, ಇಲ್ಲಾಂದ್ರೆ ವಾಪಸ್ ಬರತ್ತೆ. ಇಲ್ಲಿ ಒಂದು ಮಾತು, ಈ ಟ್ರೈಕೊಮೊನಾಸ್ ಏನೂ ತೊಂದ್ರೆ ಕೊಡದೆ ತಿಂಗಳಾನುಗಟ್ಟಲೆ ಸುಮ್ನೆ ಇರಬಹುದು, ಹಾಗಾಗಿ ರಿಪೋರ್ಟ್ ಬಂದ ತಕ್ಷಣ ಮನೇಲಿ ಒಬ್ಬರ ಮೇಲೆ ಒಬ್ಬರು ಅನುಮಾನ ಪಡೋದು ದಯವಿಟ್ಟು ಬೇಡ.

ನಿಮ್ಮ ಕ್ರೀಂ ಎರಡು ದಿನ ಕೆಲಸ ಮಾಡಿ ಬಿಡತ್ತೆ ಅಂದ್ರಲ್ಲ, ಆ ಟ್ಯೂಬ್ ಮೇಲೆ ಸಣ್ಣ ಅಕ್ಷರದಲ್ಲಿ ಏನೇನಿದೆ ಓದಿ. ಫಂಗಸ್ ಔಷಧಿ, ಆಂಟಿಬಯೋಟಿಕ್, ಸ್ಟೀರಾಯ್ಡ್ ಮೂರೂ ಸೇರಿಸಿದ ಕ್ರೀಂಗಳು ತುಂಬಾ ಇದೆ. ಬೆಕ್ಲೊಮೆಥಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಇಂಥ ಹೆಸರು ಕಂಡ್ರೆ ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ತುರಿಕೆಯನ್ನ ಅಮುಕಿ ಇಡತ್ತೆ, ಕಾರಣ ಹಾಗೇ ಇರತ್ತೆ, ಫಂಗಸ್ ಆಗಿದ್ರೆ ಒಳಗೊಳಗೇ ಬೆಳೆಯೋಕೆ ದಾರಿ ಮಾಡಿಕೊಡತ್ತೆ, ಕೇಳ್ದೆ ಬಹಳ ದಿನ ಹಚ್ಚಿದ್ರೆ ಚರ್ಮಾನೂ ತೆಳ್ಳಗಾಗತ್ತೆ.

ಫಂಗಸ್ಸೇ ಅಂತ ಟೆಸ್ಟಲ್ಲಿ ಬಂದು ವರ್ಷದಲ್ಲಿ ಮೂರು ನಾಲ್ಕು ಸಲ ಮರುಕಳಿಸಿದ್ರೆ ಶುಗರ್ ಚೆಕ್ ಮಾಡಿಸ್ಲೇಬೇಕು, ಶುಗರ್ ಜಾಸ್ತಿ ಇರೋರಿಗೆ ಇದು ಬೇಗ ಹಿಡಿಯತ್ತೆ, ಕೆಲವರಿಗೆ ಶುಗರ್ ಇರೋದು ಗೊತ್ತಾಗೋದೇ ಈ ತುರಿಕೆಯಿಂದ. ಇತ್ತೀಚೆಗೆ ಜ್ವರಕ್ಕೋ ಕೆಮ್ಮಿಗೋ ಆಂಟಿಬಯೋಟಿಕ್ ತಗೊಂಡಿದ್ರೆ ಅದನ್ನೂ ಹೇಳಿ, ಅದು ಒಳ್ಳೇ ಬ್ಯಾಕ್ಟೀರಿಯಾನೂ ಕೊಲ್ಲತ್ತೆ. ಪದೇ ಪದೇ ಬರೋರಿಗೆ ಒಂದು ಡೋಸ್ ಸಾಕಾಗಲ್ಲ, ವಾರಕ್ಕೊಂದು ಫ್ಲುಕೊನಜೋಲ್ ಅಂತ ಆರು ತಿಂಗಳು ಕೊಡೋ ಕ್ರಮ ಇದೆ, ಆದ್ರೆ ಅದು ಡಾಕ್ಟರ್ ನೋಡ್ಕೊಂಡು ಕೊಡ್ಬೇಕಾದ್ದು.

ನಿಮ್ಮ ವಯಸ್ಸು ಹೇಳಿಲ್ಲ, ಅದೂ ಮುಖ್ಯ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಅನ್ನೋ ಹಾರ್ಮೋನ್ ಕಮ್ಮಿ ಆಗಿ ಒಳಗಿನ ಪದರ ಒಣಗತ್ತೆ, ತುರಿಕೆ ಉರಿ ಎರಡೂ ಬರತ್ತೆ, ಅದಕ್ಕೆ ಮಾಯಿಶ್ಚರೈಸರ್ ಅಥವಾ ಕಮ್ಮಿ ಡೋಸಿನ ಈಸ್ಟ್ರೊಜನ್ ಕ್ರೀಂ ಒಳ್ಳೇ ಗುಣ ಕೊಡತ್ತೆ, ವಯಸ್ಸಾಯ್ತು ಇನ್ನೇನು ಅಂತ ಸಹಿಸ್ಕೊಂಡು ಕೂರಬೇಕಿಲ್ಲ. ಇನ್ನೊಂದು ಲೈಕನ್ ಸ್ಕ್ಲೆರೋಸಸ್ ಅಂತ ಚರ್ಮದ ಕಾಯಿಲೆ, ಹೊರಗಿನ ಚರ್ಮ ಬೆಳ್ಳಗೆ ತೆಳ್ಳಗಾಗಿ ರಾತ್ರಿ ನಿದ್ದೆ ಕೆಡೋ ಅಷ್ಟು ತುರಿಕೆ. ಇದಕ್ಕೆ ಮಾತ್ರ ಜೋರು ಸ್ಟೀರಾಯ್ಡ್ ಮುಲಾಮೇ ಸರಿಯಾದ ಔಷಧಿ, ಬಿಟ್ರೆ ಮುಂದೆ ಕ್ಯಾನ್ಸರ್ ಆಗೋ ಸಾಧ್ಯತೆ ಸ್ವಲ್ಪ ಇರತ್ತೆ, ಹಾಗಾಗಿ ಬಿಳಿ ಮಚ್ಚೆ ಕಂಡ್ರೆ ತಡ ಮಾಡ್ಬೇಡಿ.

ನಾಚಿಕೆ ಅಂದ್ರಲ್ಲ, ಅರ್ಥ ಆಗತ್ತೆ. ಅಲ್ಲಿ ಏನಾಗತ್ತೆ ಅಂತ ಹೇಳಿಬಿಡ್ತೀನಿ, ಗೊತ್ತಿದ್ರೆ ಭಯ ಕಮ್ಮಿ. ಲೇಡಿ ಡಾಕ್ಟರೇ ಬೇಕು ಅಂತ ಮೊದಲೇ ಕೇಳಬಹುದು. ಹೊರಗಿನ ಚರ್ಮ ನೋಡ್ತಾರೆ, ಸ್ಪೆಕ್ಯುಲಮ್ ಅಂತ ಒಂದು ಉಪಕರಣ ಇಟ್ಟು ಒಳಗೆ ನೋಡಿ ಹತ್ತಿ ಸುತ್ತಿದ ಕಡ್ಡೀಲಿ ಸೆರಗು ತಗೋತಾರೆ, ಕೆಲವೇ ನಿಮಿಷದ ಕೆಲಸ, ಸ್ವಲ್ಪ ಇರುಸುಮುರುಸು ಆಗತ್ತೆ, ನೋವಾದ್ರೆ ನಿಲ್ಲಿಸಿ ಅನ್ನಿ, ನಿಲ್ಲಿಸ್ತಾರೆ. ಮದುವೆ ಆಗಿಲ್ಲ, ಸೆಕ್ಸ್ ಆಗಿಲ್ಲ ಅಂದ್ರೆ ಮೊದಲೇ ಹೇಳಿ, ಸ್ಪೆಕ್ಯುಲಮ್ ಇಲ್ಲದೇನೂ ಸ್ವಾಬ್ ತೆಗೀಬಹುದು. ಹೋಗೋಕೆ ಎರಡು ಮೂರು ದಿನ ಮುಂಚೆ ಒಳಗೆ ಯಾವ ಔಷಧೀನೂ ಇಡಬೇಡಿ, ಕ್ರೀಂ ಮೆತ್ತಿದ ಸ್ಯಾಂಪಲ್ ಬಂದ್ರೆ ನಮಗೆ ಸ್ಲೈಡಲ್ಲಿ ಸರಿಯಾಗಿ ಏನೂ ಕಾಣಲ್ಲ, ಮುಟ್ಟಿನ ದಿನಾನೂ ಬಿಟ್ಟು ಹೋಗಿ. ಟ್ಯೂಬ್ ಜೊತೆಗೆ ತಗೊಂಡು ಹೋಗಿ ತೋರಿಸಿ.

ಅಲ್ಲಿ ತನಕ ರಾತ್ರಿ ತುರಿಕೆ ತಡೆಯೋಕಾಗದಿದ್ರೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಹೊರಗಡೆ ಸ್ವಲ್ಪ ಹೊತ್ತು ಇಟ್ಕೊಳಿ, ಉಗುರು ಕತ್ತರಿಸ್ಕೊಳಿ, ಸಡಿಲ ಕಾಟನ್ ಒಳ ಉಡುಪು ಹಾಕಿ, ಬೆವರಿದ್ರೆ ಬದಲಾಯಿಸಿ. ಕೆಳ ಹೊಟ್ಟೆ ನೋವು, ಜ್ವರ, ಹುಣ್ಣು ಅಥವಾ ಗುಳ್ಳೆ, ಮುಟ್ಟಿಲ್ಲದಾಗ ರಕ್ತ, ಇದರಲ್ಲಿ ಒಂದು ಇದ್ರೂ ಅಥವಾ ಬಸುರಿ ಆಗಿರಬಹುದು ಅನ್ನೋ ಅನುಮಾನ ಇದ್ರೂ ಎರಡು ಮೂರು ದಿನ ಅಂತ ಕಾಯ್ಬೇಡಿ, ನಾಳೇನೇ ಹೋಗಿ.