ಸಣ್ಣ ವಿಮಾನದಲ್ಲಿ ಕಲಿತವರು ಯಾವ ವಿಮಾನದ ಕನಸು ಕಾಣುತ್ತಾರೆ? ನಿಮಗೆ ಒಂದು ಕೊಳ್ಳುವ ಅವಕಾಶ ಸಿಕ್ಕರೆ ಯಾವುದನ್ನು ಕೊಳ್ಳುತ್ತೀರಿ?

ಹೀಗೆ ಕೇಳಿರುವ ನೀವು ಪಿಯುಸಿ ಮುಗಿಸಿ ಫ್ಲೈಯಿಂಗ್ ಸ್ಕೂಲಿಗೆ ಸೇರುವ ಯೋಚನೆಯಲ್ಲಿದ್ದೀರಿ ಅಂತ ಬರೆದಿದ್ದೀರಿ. ಅಲ್ಲಿ ನೋಡಿದ ಸೆಸ್ನಾ 152 ವಿಮಾನ ನಿಮ್ಮ ಅಪ್ಪನ ವಯಸ್ಸಿನದು, ಅದರಲ್ಲಿ ಕಲಿಯುವುದು ಸರಿಯೇ ಅನ್ನುವ ಅನುಮಾನವೂ ನಿಮಗಿದೆ. ಎರಡಕ್ಕೂ ಉತ್ತರ ಹೇಳುತ್ತೇನೆ.

ನಾನು ಕೊಳ್ಳುವುದು ಏರೋಂಕಾ ಚೀಫ್ ಅನ್ನುವ ಹಳೆಯ ಪುಟ್ಟ ವಿಮಾನ. ಬೇರೆ ಪೈಲಟ್‌ಗಳನ್ನು ಕೇಳಿದರೆ ನೂರಕ್ಕೆ ಒಬ್ಬರೂ ಈ ಹೆಸರು ಹೇಳಲಿಕ್ಕಿಲ್ಲ. ನಾನೂ ಹತ್ತು ವರ್ಷದ ಹಿಂದೆ ಹೇಳುತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ನಾನು ವೃತ್ತಿಯಲ್ಲಿ ಪೈಲಟ್ ಅಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಎಂಜಿನಿಯರ್. ರಜೆಯ ದಿನ ಹಾರುತ್ತೇನೆ. ಲಾಗ್ ಬುಕ್ಕಿನಲ್ಲಿ ಸುಮಾರು 400 ಗಂಟೆ ಇದೆ. ಸಣ್ಣ ವಿಮಾನಗಳಿಗೆ ಈ ಊರು ತವರುಮನೆ ಇದ್ದ ಹಾಗೆ. ಕ್ಲೈಡ್ ಸೆಸ್ನಾ, ವಾಲ್ಟರ್ ಬೀಚ್, ಲಾಯ್ಡ್ ಸ್ಟಿಯರ್ಮನ್ ಮೂವರೂ ಸೇರಿ 1925ರಲ್ಲಿ ಟ್ರಾವೆಲ್ ಏರ್ ಕಂಪನಿ ಶುರು ಮಾಡಿದ್ದು ಇಲ್ಲೇ. ಆಮೇಲೆ ಬೇರೆ ಬೇರೆಯಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲೇ ವಿಮಾನ ಕಟ್ಟಿದರು. ನಾನು ಕಲಿತ 152 ಕೂಡ ಇದೇ ಊರಿನಲ್ಲಿ ಹುಟ್ಟಿದ್ದು.

152 ಅಂದರೆ ಎರಡು ಸೀಟು, 110 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ತಲೆಯ ಮೇಲೆ ರೆಕ್ಕೆ. ಗಂಟೆಗೆ 190 ಕಿಲೋಮೀಟರ್ ಆಸುಪಾಸಿನ ವೇಗ. ಒಳಗೆ ಕೂತರೆ ಪಕ್ಕದವರ ಭುಜಕ್ಕೆ ಭುಜ ತಾಗುತ್ತದೆ. ಜನ, ಪೆಟ್ರೋಲು, ಸಾಮಾನು ಎಲ್ಲ ಸೇರಿ ಏಳುವಾಗ ಗರಿಷ್ಠ ತೂಕ 757 ಕಿಲೋ. ನಮ್ಮ ವಿಮಾನದ ಖಾಲಿ ತೂಕ 520 ಇತ್ತು. ಟ್ಯಾಂಕ್ ತುಂಬಿಸಿದರೆ ಇನ್ನು 70 ಕಿಲೋ ಹೋಯಿತು. ಉಳಿದ 167ರಲ್ಲಿ ನಾನು, ನನ್ನ ಇನ್‌ಸ್ಟ್ರಕ್ಟರ್, ಒಂದು ಬ್ಯಾಗು. ಅವರು ದಪ್ಪ ಆಳು. ಹಾಗಾಗಿ ಪ್ರತಿ ಸಲ ಹಾರುವ ಮುಂಚೆ ಪೆನ್ನು ಹಿಡಿದು ಲೆಕ್ಕ ಹಾಕಲೇಬೇಕಿತ್ತು. ದೊಡ್ಡ ವಿಮಾನದಲ್ಲಿ ಕಲಿತಿದ್ದರೆ ಈ ಲೆಕ್ಕವನ್ನು ಪರೀಕ್ಷೆಗೆ ಮಾತ್ರ ಓದಿ ಮರೆತುಬಿಡುತ್ತಿದ್ದೆ.

ಕ್ಯಾನ್ಸಸ್ ನೆಲ ರೊಟ್ಟಿ ತಟ್ಟಿದ ಹಾಗೆ ಸಮತಟ್ಟು. ಮೈಲಿಗೊಂದರಂತೆ ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ರಸ್ತೆಗಳು ಗೆರೆ ಎಳೆದ ಹಾಗೆ ಹೋಗುತ್ತವೆ. ಗಾಳಿಯಂತೂ ನಿಲ್ಲುವುದೇ ಇಲ್ಲ. ಒಂದು ರಸ್ತೆ ಹಿಡಿದು ಅದರ ಮೇಲೇ ಹಾರಬೇಕು ಅಂದರೆ ಮೂಗನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿ ಇಟ್ಟುಕೊಳ್ಳಬೇಕು. 152 ಹಗುರ. ತಪ್ಪು ಮಾಡಿದ ಕೂಡಲೇ ರಸ್ತೆ ಕಿಟಕಿಯಿಂದ ಜಾರಿ ಹೋಗುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಒಮ್ಮೆ ಒಬ್ಬನೇ ಹಾರುತ್ತಿದ್ದೆ. ಏಪ್ರಿಲ್ ತಿಂಗಳು, ಹೊರಗೆ 18 ಡಿಗ್ರಿ, ಹಿಂದಿನ ರಾತ್ರಿ ಮಳೆ ಬಂದಿತ್ತು. ಎಂಜಿನ್ನಿನ ಸುತ್ತು ನಿಧಾನವಾಗಿ ಇಳಿಯತೊಡಗಿತು. ಎಂಜಿನ್ ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಹಿಡಿಯನ್ನು ನಾನು ಮುಟ್ಟಿರಲಿಲ್ಲ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲು ಆವಿಯಾಗುವಾಗ ಗಾಳಿ ತುಂಬಾ ತಣ್ಣಗಾಗುತ್ತದೆ. ತೇವ ಜಾಸ್ತಿ ಇದ್ದರೆ ಬೆಚ್ಚಗಿನ ದಿನದಲ್ಲೂ ಅಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಇದನ್ನು ಓದಿದ್ದೆ. ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಗುಬುಟು ಎಳೆದೆ. ಆಗ ಎಂಜಿನ್ ಇನ್ನೂ ಕೆಟ್ಟದಾಗಿ ಕೆಮ್ಮಿತು. ಕರಗಿದ ನೀರು ಒಳಗೆ ಹೋಗುವಾಗ ಹಾಗೇ ಆಗುತ್ತದೆ. ಗುಬುಟು ವಾಪಸ್ ತಳ್ಳಬೇಡ ಅಂತ ಇನ್‌ಸ್ಟ್ರಕ್ಟರ್ ಹತ್ತು ಸಲ ಹೇಳಿದ್ದರು. ತಳ್ಳಲಿಲ್ಲ. ಅರ್ಧ ನಿಮಿಷದಲ್ಲಿ ಸದ್ದು ಸರಿಹೋಯಿತು. ಆ ಅರ್ಧ ನಿಮಿಷ ನನಗೆ ಈಗಲೂ ಚೆನ್ನಾಗಿ ನೆನಪಿದೆ.

ಇನ್ನು ಇಷ್ಟು ಹಳೆಯ ವಿಮಾನ ಯಾಕೆ ಅನ್ನುವ ಪ್ರಶ್ನೆ. 152 ತಯಾರಿಕೆ 1985ರಲ್ಲೇ ನಿಂತುಹೋಯಿತು. 1986ರಲ್ಲಿ ಸೆಸ್ನಾದ್ದೇ ನಾಲ್ಕು ಸೀಟಿನ 172 ಕೂಡ ನಿಂತಿತು. ಅಪಘಾತವಾದರೆ ಎಷ್ಟೋ ವರ್ಷದ ಹಿಂದೆ ಮಾರಿದ ವಿಮಾನಕ್ಕೂ ಕಂಪನಿಯ ಮೇಲೆ ದಾವೆ ಹೂಡುತ್ತಿದ್ದರು. ವಿಮೆಯ ಖರ್ಚು ಬೆಳೆದು ಸಣ್ಣ ವಿಮಾನ ಕಟ್ಟುವುದೇ ನಷ್ಟವಾಯಿತು. 1994ರಲ್ಲಿ ಅಮೆರಿಕ ಒಂದು ಕಾನೂನು ತಂದು, 18 ವರ್ಷ ದಾಟಿದ ವಿಮಾನಕ್ಕೆ ತಯಾರಕರ ಹೊಣೆಯನ್ನು ಮೊಟಕು ಮಾಡಿತು. ಆಮೇಲೆ 1996ರಲ್ಲಿ ಕ್ಯಾನ್ಸಸ್‌ನದೇ ಇಂಡಿಪೆಂಡೆನ್ಸ್ ಊರಿನಲ್ಲಿ 172 ಮತ್ತೆ ಶುರುವಾಯಿತು. 152 ಮಾತ್ರ ವಾಪಸ್ ಬರಲೇ ಇಲ್ಲ. ಹಾಗಾಗಿ ಇರುವುದನ್ನೇ ಜೋಪಾನ ಮಾಡುತ್ತಾರೆ. ನೀವು ಕೇಳಬೇಕಾದದ್ದು ಹುಟ್ಟಿದ ವರ್ಷವನ್ನಲ್ಲ. ಎಂಜಿನ್ ಬಿಚ್ಚಿ ಪೂರ್ತಿ ರಿಪೇರಿ ಮಾಡಿ ಎಷ್ಟು ಗಂಟೆ ಆಯಿತು, ದಾಖಲೆ ಪುಸ್ತಕಗಳು ಮೊದಲಿನಿಂದ ಪೂರ್ತಿ ಇವೆಯಾ, ಇವೆರಡನ್ನು ಕೇಳಿ. ಒಳ್ಳೆ ಸ್ಕೂಲು ಬೇಸರ ಇಲ್ಲದೆ ತೋರಿಸುತ್ತದೆ.

ಈಗ ಕನಸಿನ ವಿಷಯ. ಲೈಸೆನ್ಸ್ ಸಿಕ್ಕ ಹೊಸದರಲ್ಲಿ ನಮ್ಮಲ್ಲಿ ಮುಕ್ಕಾಲು ಪಾಲು ಜನ ಬೀಚ್ ಬೊನಾಂಜಾ ಅನ್ನುತ್ತೇವೆ. ಪ್ಯಾರಾಚೂಟ್ ಇರುವ ಸಿರಸ್ ಎಸ್ಆರ್22 ಅನ್ನುವವರೂ ಈಗ ಬಹಳ ಇದ್ದಾರೆ. ಅದರಲ್ಲಿ ಹಿಡಿ ಎಳೆದರೆ ಇಡೀ ವಿಮಾನವೇ ಪ್ಯಾರಾಚೂಟಿನಲ್ಲಿ ತೂಗಿಕೊಂಡು ಕೆಳಗಿಳಿಯುತ್ತದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಬೊನಾಂಜಾ. ಅದರಲ್ಲೂ ವಿ-ಟೇಲ್. 1947ರಿಂದ 1982ರವರೆಗೆ ಇದೇ ವಿಚಿಟಾದಲ್ಲಿ ಕಟ್ಟಿದ್ದು. ಬಾಲದಲ್ಲಿ ಮೂರು ರೆಕ್ಕೆಯ ಬದಲು ಎರಡೇ, ವಿ ಆಕಾರದಲ್ಲಿ. ಚಕ್ರ ಒಳಗೆ ಮಡಚಿಕೊಂಡು ಗಂಟೆಗೆ 300 ಕಿಲೋಮೀಟರ್ ಹೋಗುತ್ತದೆ. ಅದು ನೆಲದ ಮೇಲೆ ಸುಮ್ನೆ ನಿಂತಿದ್ದರೂ ಕಣ್ಣು ತೆಗೆಯಲು ಆಗುವುದಿಲ್ಲ. ವಿಮಾನಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಆರು ವರ್ಷದ ಹಿಂದೆ ಒಂದನ್ನು ಕೊಳ್ಳುವ ಹಂತಕ್ಕೆ ಹೋಗಿದ್ದೆ. 1960ರ ದಶಕದ್ದು, ಬಣ್ಣ ಹೊಸದು, ಒಳಗಿನ ಚರ್ಮದ ಸೀಟು ಹೊಸದು. ಮುಂಗಡ ಕೊಡುವ ಮುಂಚೆ ಬೇರೆ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ತೋರಿಸುವುದು ಇಲ್ಲಿನ ರೂಢಿ. ಅವರು ಎಂಜಿನ್ ಕಡೆ ಹೋಗಲೇ ಇಲ್ಲ. ಸೀದಾ ಬಾಲದ ಹತ್ತಿರ ಹೋಗಿ ಬೆರಳಿನಿಂದ ತಟ್ಟುತ್ತಾ ಬಂದರು. ಒಂದು ಕಡೆ ಬಣ್ಣ ಗುಳ್ಳೆ ಎದ್ದಿತ್ತು. ಉಗುರಿನಿಂದ ಎತ್ತಿದರು. ಕೆಳಗೆ ಬಿಳಿ ಪುಡಿ. ವಿ-ಟೇಲಿನ ಬಾಲದಲ್ಲಿ ಅಲುಗಾಡುವ ಭಾಗಕ್ಕೆ ಹಗುರವಾಗಿರಲಿ ಅಂತ ಮೆಗ್ನೀಸಿಯಂ ತಗಡು ಹೊದಿಸಿದ್ದಾರೆ. ಮೆಗ್ನೀಸಿಯಂ ತೇವ ತಾಗಿದರೆ ಹೀಗೆ ಪುಡಿಯಾಗುತ್ತದೆ. ಬದಲಿ ತಗಡು ಸಿಗುವುದು ಆಗ ಬಹಳ ಕಷ್ಟವಿತ್ತು. ಹೊಸ ಬಣ್ಣ ಹೊಡೆಸಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಮಾರುವವರು ಬೆಲೆ ಇಳಿಸಲು ಒಪ್ಪಿದರು. ನಾನು ಒಪ್ಪಲಿಲ್ಲ. ಮನೆಗೆ ಬರುವ ದಾರಿಯಲ್ಲಿ ತುಂಬಾ ನೋವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆ ರಾತ್ರಿ ಲಾಗ್ ಬುಕ್ ತೆಗೆದು ಕೂತೆ. ಹಿಂದಿನ ಮೂರು ವರ್ಷದಲ್ಲಿ 118 ಸಲ ಹಾರಿದ್ದೆ. ಅದರಲ್ಲಿ 90ಕ್ಕಿಂತ ಜಾಸ್ತಿ ಹಾರಾಟ ಒಂದೂವರೆ ಗಂಟೆಯೊಳಗಿನದು. ಹೆಚ್ಚಿನವು ಒಬ್ಬನೇ, ಇಲ್ಲ ಹೆಂಡತಿಯ ಜೊತೆ. ಎಲ್ಲಿಗೆ? ಬೆಳಗಿನ ತಿಂಡಿಗೆ. ಇಲ್ಲಿಂದ ಪೂರ್ವಕ್ಕೆ ಫ್ಲಿಂಟ್ ಹಿಲ್ಸ್ ಹುಲ್ಲುಗಾವಲಿನಲ್ಲಿ ಬೋಮಾಂಟ್ ಅನ್ನುವ ಪುಟ್ಟ ಊರಿದೆ. ಊರ ಪಕ್ಕದ ಹುಲ್ಲಿನ ಪಟ್ಟಿಯಲ್ಲಿ ಇಳಿದು, ವಿಮಾನವನ್ನು ಊರ ರಸ್ತೆಯಲ್ಲೇ ಓಡಿಸಿಕೊಂಡು ಬಂದು ಹೋಟೆಲಿನ ಎದುರು ನಿಲ್ಲಿಸಬಹುದು. ಮೊದಲ ಸಲ ಹೋದಾಗ ಹೆಂಡತಿ ನಂಬಲಿಲ್ಲ. ಇಂಥ ಹಾರಾಟಕ್ಕೆ ಗಂಟೆಗೆ 55 ಲೀಟರ್ ಕುಡಿಯುವ ಬೊನಾಂಜಾ ಬೇಕೇ? ಅಲ್ಲಿಗೆ ಹೋಗಲು ಬೊನಾಂಜಾಕ್ಕೆ ಕಾಲು ಗಂಟೆ, ನಿಧಾನದ ವಿಮಾನಕ್ಕೆ ಅರ್ಧ ಗಂಟೆ. ಕಾಲು ಗಂಟೆ ಉಳಿಸುವುದಕ್ಕೆ ಯಾಕೆ ಅಷ್ಟು ಖರ್ಚು? ಆಕಾಶದಲ್ಲಿ ಇರಲೆಂದೇ ತಾನೇ ಹೋಗುವುದು!

ಆಮೇಲೆ ಮೂವರು ಗೆಳೆಯರ ಜೊತೆ ಸೇರಿ 1970ರ ದಶಕದ ಒಂದು ಸೆಸ್ನಾ 172 ಕೊಂಡೆವು. ನಾಲ್ಕರಲ್ಲಿ ಒಂದು ಪಾಲು ನನ್ನದು. ಹ್ಯಾಂಗರ್ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ, ಎಲ್ಲವೂ ನಾಲ್ಕು ಭಾಗ. ಸಂಬಳದಲ್ಲಿ ಬದುಕುವವರಿಗೆ ಇದೇ ಸರಿಯಾದ ದಾರಿ ಅಂತ ನನ್ನ ಗಟ್ಟಿ ಅಭಿಪ್ರಾಯ. 172 ನಂಬಿಕೆಯ ವಿಮಾನ. 1958ರ ಡಿಸೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ರಾಬರ್ಟ್ ಟಿಮ್, ಜಾನ್ ಕುಕ್ ಇಬ್ಬರು ಒಂದು 172ರಲ್ಲಿ ಎದ್ದವರು ಇಳಿದದ್ದು 64 ದಿನ ಕಳೆದ ಮೇಲೆ. ರಸ್ತೆಯಲ್ಲಿ ಓಡುವ ಲಾರಿಯಿಂದ ಕೊಳವೆ ಎಳೆದುಕೊಂಡು ಪೆಟ್ರೋಲು ತುಂಬಿಸಿಕೊಳ್ಳುತ್ತಿದ್ದರು. ನಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಹಾಗಾದರೆ ಚೀಫ್ ಎಲ್ಲಿಂದ ಬಂತು? ಒಂದು ಭಾನುವಾರ ಹುಲ್ಲಿನ ಪಟ್ಟಿಯೊಂದರಲ್ಲಿ ಇಳಿದೆ. ಅಲ್ಲಿ ಹಳದಿ-ಕೆಂಪು ಬಣ್ಣದ, ಬಟ್ಟೆ ಹೊದಿಸಿದ ಪುಟ್ಟ ವಿಮಾನ ಬಾಲ ನೆಲಕ್ಕೆ ಊರಿ ನಿಂತಿತ್ತು. ನೋಡಿದ ಕೂಡಲೇ ಬಾಯಿಂದ ಬಂದ ಮಾತು: "ಅರೆ, ಇದು ಪುಷ್ಪಕ್!"

ನಾನು ಬೆಳೆದದ್ದು ಯಲಹಂಕದಲ್ಲಿ, 80ರ ದಶಕದಲ್ಲಿ. ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಜಕ್ಕೂರಿನ ವಿಮಾನ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೇಲಿಯ ಹೊರಗೆ ನಿಂತು ಪುಷ್ಪಕ್ ಏಳುವುದನ್ನು ನೋಡುತ್ತಿದ್ದೆವು. ಎಷ್ಟು ನಿಧಾನ ಅಂದರೆ ಒಳಗೆ ಕೂತವರ ಮುಖ ಕಾಣುತ್ತಿತ್ತು. ಅಪ್ಪ "ಇದು ನಮ್ಮ ಎಚ್ಎಎಲ್‌ದು ಕಣೋ" ಅನ್ನುತ್ತಿದ್ದರು. ಅದು ನಿಜವೇ. 1951ರಲ್ಲಿ ವಿ. ಎಂ. ಘಾಟಗೆಯವರ ತಂಡದ ಎಚ್‌ಟಿ-2 ತರಬೇತಿ ವಿಮಾನ ಹಾರಿದ ಮೇಲೆ, ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತಲೇ ಎಚ್ಎಎಲ್ ಪುಷ್ಪಕ್ ಕಟ್ಟಿತು. 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಹಾರಿತು. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. 150ಕ್ಕೂ ಹೆಚ್ಚು ಕಟ್ಟಿದರು.

ಹುಲ್ಲಿನ ಪಟ್ಟಿಯ ಅಜ್ಜ ನಕ್ಕು, ಇದು ಪುಷ್ಪಕ್ ಅಲ್ಲ, ಓಹಾಯೋದ ಮಿಡಲ್‌ಟೌನ್‌ನಲ್ಲಿ 1946ರಲ್ಲಿ ಕಟ್ಟಿದ ಏರೋಂಕಾ ಚೀಫ್ ಅಂದರು. ಮನೆಗೆ ಬಂದು ಓದಿದಾಗ ಗೊತ್ತಾಯಿತು, ಪುಷ್ಪಕ್ ವಿನ್ಯಾಸಕ್ಕೆ ಆಧಾರವೇ ಚೀಫ್. ನನ್ನ ಕಣ್ಣು ತಪ್ಪಿರಲಿಲ್ಲ.

ಅವತ್ತೇ ಅವರು ನನ್ನನ್ನು ಕೂರಿಸಿಕೊಂಡು ಹಾರಿದರು. ಅವರ ಚೀಫ್‌ನಲ್ಲಿ ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಒಬ್ಬರು ಮುಂದೆ ನಿಂತು ಕೈಯಿಂದ ಪ್ರೊಪೆಲ್ಲರ್ ಎಳೆದು ಚಾಲೂ ಮಾಡಬೇಕು. 65 ಅಶ್ವಶಕ್ತಿ, ಗಂಟೆಗೆ 15-17 ಲೀಟರ್ ಪೆಟ್ರೋಲು. ತೂಕದ ಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದಿರುವುದರಿಂದ ಇಳಿಯುವಾಗ ದಿಕ್ಕು ತಿರುಗಿಸುವ ಪೆಡಲ್ ಮೇಲಿನ ಕಾಲು ಒಂದು ಕ್ಷಣ ಸುಮ್ಮನಿದ್ದರೂ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಪೂರ್ತಿ ನಿಲ್ಲುವವರೆಗೂ ಕಾಲು ಎಚ್ಚರದಲ್ಲೇ ಇರಬೇಕು. ಆ ವಿಮಾನಕ್ಕೆ ಹೊಸ ಬಟ್ಟೆ ಹೊದಿಸಿದ್ದು ಅಜ್ಜನೇ. ಪಾಲಿಯೆಸ್ಟರ್ ಬಟ್ಟೆ ಅಂಟಿಸಿ, ಮನೆಯ ಇಸ್ತ್ರಿಪೆಟ್ಟಿಗೆಯನ್ನು ಅಳತೆಯ ಶಾಖಕ್ಕೆ ಇಟ್ಟು ಉಜ್ಜಿದರೆ ಬಟ್ಟೆ ಬಿಗಿದುಕೊಂಡು ತಮಟೆಯ ಹಾಗೆ ಸದ್ದು ಮಾಡುತ್ತದೆ. ನನಗೆ ಬೇಕಿರುವುದು ಇದು. ನನ್ನ ಕೈಯಿಂದಲೇ ನೋಡಿಕೊಳ್ಳಬಹುದಾದ, ನಾನು ನಿಜವಾಗಿ ಹಾರುವ ಹಾರಾಟಕ್ಕೆ ಹೊಂದುವ ವಿಮಾನ. ಅಪ್ಪ ಈಗ ಇಲ್ಲ. ಇದ್ದಿದ್ದರೆ ಪಕ್ಕದ ಸೀಟು ಅವರದೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ ಇಂಥ ಎಂಜಿನ್‌ಗಳಿಗೆ ಬೇಕಾದ ಏವ್‌ಗ್ಯಾಸ್ ಅನ್ನುವ ವಿಮಾನದ ಪೆಟ್ರೋಲು ಬಹಳ ಕಾಲ ಹೊರದೇಶದಿಂದಲೇ ಬರಬೇಕಿತ್ತು. ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಲು ಶುರು ಮಾಡಿದ್ದು 2022ರಲ್ಲಿ. ಅದಕ್ಕೇ ಎಷ್ಟೋ ಸ್ಕೂಲುಗಳು ಜೆಟ್ ಇಂಧನದಲ್ಲಿ ಓಡುವ ಡೈಮಂಡ್ ಡಿಎ40ರಂಥ ವಿಮಾನ ತಂದಿವೆ. ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್ಎಎಲ್ ಕಟ್ಟಿದ ಹಂಸ-ಎನ್‌ಜಿ 2021ರ ಸೆಪ್ಟೆಂಬರಿನಲ್ಲಿ ಹಾರಿದೆ. ಅದು ರೋಟ್ಯಾಕ್ಸ್ ಎಂಜಿನ್ನಿನದು, ಎರಡು ಸೀಟು. ಯಾವುದು ಸಿಕ್ಕರೂ ಕಲಿಯಿರಿ. ಆದರೆ ಫೀಸು ಕಟ್ಟುವ ಮುಂಚೆ ಪೈಲಟ್ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು, ಅದರ ದುಡ್ಡು ಸಣ್ಣದಲ್ಲ. ಕಣ್ಣಿನದೋ ಕಿವಿಯದೋ ತೊಂದರೆ ಆಮೇಲೆ ಗೊತ್ತಾಗಬಾರದು.

ನೀವು ನೋಡಿದ 152ಕ್ಕೇ ಸೇರಿದರೆ ಮೊದಲ ದಿನ ಇನ್‌ಸ್ಟ್ರಕ್ಟರನ್ನು ಒಂದು ಕೇಳಿ. ಎಡ ರೆಕ್ಕೆಯ ಮುಂಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದನ್ನು ತೋರಿಸಿ ಅನ್ನಿ. ರೆಕ್ಕೆ ಗಾಳಿಯ ಹಿಡಿತ ಬಿಡುವ ಮುಂಚೆ ಎಚ್ಚರಿಸುವ ಪೀಪಿ ಅದು. ಅದಕ್ಕೆ ಕರೆಂಟು ಬೇಡ, ಗಾಳಿಯ ಸೆಳೆತಕ್ಕೇ ಊದುತ್ತದೆ. ತೂತಿನ ಮೇಲೆ ಕರ್ಚೀಫು ಇಟ್ಟು ಬಾಯಿಂದ ಗಾಳಿ ಎಳೆದು ನೋಡಿ. ಒಳಗಿನಿಂದ ಕುಂಯ್ ಅಂತ ಸದ್ದು ಬಂದರೆ ಸರಿಯಾಗಿದೆ ಅಂತ ಅರ್ಥ.