ಕುದುರೆಗೆ ಮಾಲ್ದಿ ಬೇಡ, ಗಜ್ಜರಿ ಸಾಕು

ಪ್ರಶ್ನೆ: ಮದುವೆ ಮೆರವಣಿಗೆಗೆ ಅಂತ ಒಂದು ಬಿಳಿ ಹೆಣ್ಣು ಕುದುರೆ ಸಾಕಿದ್ದೇವೆ. ಬಲ ಬರಲಿ ಅಂತ ದಿನಾ ರೊಟ್ಟಿ, ಬೆಲ್ಲ, ತುಪ್ಪ ಕಲಸಿ ಮಾಲ್ದಿ ಉಂಡೆ ಕೊಡುತ್ತೇವೆ. ಇದಕ್ಕೆ ಇನ್ನೇನು ಸೇರಿಸಬೇಕು? (ಕಲಬುರಗಿ)

ಸೇರಿಸುವುದು ಏನೂ ಇಲ್ಲ, ತೆಗೆಯುವುದೇ ಇದೆ. ಲಗ್ನದ ಸೀಜನ್ ಬಂದರೆ ಇದೇ ಪ್ರಶ್ನೆ ಬೀದರಿನಿಂದಲೂ ಬರುತ್ತದೆ, ಯಾದಗಿರಿಯಿಂದಲೂ ಬರುತ್ತದೆ. ಬೆಲ್ಲದಿಂದ ಕುದುರೆಗೆ ಬಲ ಬರುವುದಿಲ್ಲ. ಬಲ ಬರುವುದು ಮೇವಿನಿಂದ. 300 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ಕಡಿಮೆ ಅಂದರೂ 4.5 ಕೆ.ಜಿ. ಒಣ ಮೇವು ಬೇಕು. ಅದನ್ನು ಕೊಡದೆ ಉಂಡೆ ಕಟ್ಟುತ್ತಾ ಕೂತರೆ ಏನು ಉಪಯೋಗ?

ಮೆರವಣಿಗೆ ಇಲ್ಲದ ದಿನ ಈ ಕುದುರೆಗಳು ಗೂಟಕ್ಕೆ ಕಟ್ಟಿಕೊಂಡೇ ನಿಂತಿರುತ್ತವೆ. ನಡೆದಾಟ ಇಲ್ಲ, ಮೇಲೆ ಸಿಹಿ. ಕೊಬ್ಬು ಏರುತ್ತದೆ, ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಗೊರಸಿನ ಒಳಪದರಕ್ಕೆ ಉರಿಯೂತ ಬರುತ್ತದೆ. ಲ್ಯಾಮಿನೈಟಿಸ್ ಅಂದರೆ ಇದೇ. ಹಿಟ್ಟು, ಕಾಳು ಒಮ್ಮೆಲೇ ಜಾಸ್ತಿಯಾದರೆ ಪೂರ್ತಿ ಅರಗದೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ, ಅದರಿಂದಲೂ ಇದೇ ಕಾಯಿಲೆ. ಮುಂಗಾಲು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ, ಗೊರಸು ಮುಟ್ಟಿದರೆ ಬಿಸಿ, ತಿರುಗಿಸಿದರೆ ಹೆಜ್ಜೆ ಎತ್ತಲು ಒಲ್ಲೆ ಅನ್ನುತ್ತದೆ. ಇಂಥ ಕಾಲಿಗೆ ಬರೆ ಎಳೆಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ದಯವಿಟ್ಟು ಅವರನ್ನು ಹಟ್ಟಿಯೊಳಗೆ ಬಿಟ್ಟುಕೊಳ್ಳಬೇಡಿ. ನೋವಿನ ಮೇಲೆ ಸುಟ್ಟ ಗಾಯ ಬೇರೆ! ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ತಾಲ್ಲೂಕಿಗೆ ಪಶು ಆಸ್ಪತ್ರೆ ಇದೆ. ಮೊದಲ ದಿನವೇ ಅಲ್ಲಿ ತೋರಿಸಿ.

ಪ್ರೀತಿಗೆ ಏನಾದರೂ ಕೊಡಲೇಬೇಕು ಅನ್ನಿಸಿದರೆ ಹೀಗೆ ಮಾಡಿ. ಒಂದು ಗಜ್ಜರಿ ತುರಿದು, ಒಂದು ಹಿಡಿ ಗೋಧಿ ತವುಡು, ಒಂದು ಚಮಚ ಹುರಿದು ಪುಡಿ ಮಾಡಿದ ಅಗಸಿ, ಚಿಟಿಕೆ ಉಪ್ಪು, ಚಿಟಿಕೆ ಮೆಂತೆ ಪುಡಿ ಹಾಕಿ. ಮೆಂತೆಯ ವಾಸನೆ ಕುದುರೆಗೆ ಬಲು ಇಷ್ಟ, ಬೆಲ್ಲದ ನೆನಪೂ ಆಗುವುದಿಲ್ಲ. ನೀರು ಚಿಮುಕಿಸಿ ಕಲಸಿ, ಚಪ್ಪಟೆ ತಟ್ಟಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ. ದಿನಕ್ಕೆ ಎರಡು ಚೂರು ಸಾಕು. ತವುಡು ಚಲೋ ಅಂತ ಬುಟ್ಟಿಗಟ್ಟಲೆ ಸುರಿಯಬೇಡಿ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ತೀರಾ ಕಡಿಮೆ. ತಿಂಗಳುಗಟ್ಟಲೆ ತಿಂದರೆ ಮೂಳೆ ಸವೆದು ಮುಖ ಊದುತ್ತದೆ. ಮಳೆಗಾಲದಲ್ಲಿ ಮಾಡಿದ್ದನ್ನು ಎರಡು ದಿನದೊಳಗೆ ಮುಗಿಸಿ. ಸ್ವಲ್ಪ ಬೂಸ್ಟು ಕಂಡರೂ ಎಸೆಯಿರಿ. ಬೂಸ್ಟು ಹಿಡಿದ ಗೋವಿನಜೋಳ ಕುದುರೆಯ ಮಿದುಳನ್ನೇ ಕೊಳೆಸುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಒಳಗೆ ಹೋದದ್ದು ಹೋದಂಗೇ.

ಬರೀ ಗಜ್ಜರಿ ಕೊಡುವುದಾದರೆ ಬೆರಳಿನಂತೆ ಉದ್ದುದ್ದ ಸೀಳಿ ಕೊಡಿ. ದುಂಡಗೆ ಹೆಚ್ಚಿದ ಬಿಲ್ಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಹೊಟ್ಟೆ ಹುಳಕ್ಕೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಅರೆದು ಉಂಡೆಯಲ್ಲಿ ಇಡಬಹುದಾ? (ಹುಮನಾಬಾದ್)

ಬೇಡ. ಹುಳ ಸಾಯುವುದಿಲ್ಲ, ಕುದುರೆಯ ಕೆಂಪು ರಕ್ತಕಣ ಸಾಯುತ್ತವೆ.

ಪ್ರಶ್ನೆ: ಮದುವೆ ಮನೆಯಲ್ಲಿ ಮಕ್ಕಳು ಪೇಡೆ, ಚಾಕೊಲೇಟ್ ತಿನ್ನಿಸುತ್ತಾರೆ. ತಡೆಯಬೇಕಾ? (ಶಹಾಪುರ)

ಇದನ್ನೂ ಕೇಳಬೇಕಾ? ತಡೆಯಿರಿ.

ಪ್ರಶ್ನೆ: ಎಳೆ ಜೋಳದ ಹಸಿ ಬೆಳೆ ಕೊಡಬಹುದಾ? (ಸೇಡಂ)

ಬೇಡವೇ ಬೇಡ. ಎಳೆಯದರಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿದ್ದರಲ್ಲಿ, ಸಯನೈಡ್ ವಿಷ ಇರುತ್ತದೆ.

ಪ್ರಶ್ನೆ: ಮನೆಯಲ್ಲಿ ಕೋಳಿ ಫೀಡ್ ಉಳಿದಿದೆ. ಪುಡಿ ಮಾಡಿ ಉಂಡೆಗೆ ಸೇರಿಸಲಾ? (ಚಿತ್ತಾಪುರ)

ಖಂಡಿತ ಬೇಡ. ಕೆಲವು ಕೋಳಿ ಆಹಾರದಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಒಗ್ಗುತ್ತದೆ, ಕುದುರೆಗೆ ಸ್ವಲ್ಪವೇ ಸಾಕು, ಹೃದಯದ ಸ್ನಾಯು ಹಾಳಾಗುತ್ತದೆ. ಆ ಚೀಲವನ್ನು ಕುದುರೆಯ ಬಾಯಿಗೆ ಸಿಗದಂತೆ ಬೇರೆ ಕೋಣೆಯಲ್ಲಿ ಇಡಿ. ಈಗಾಗಲೇ ತಿಂದಿದ್ದರೆ ಬೆವರು, ನಡುಕ ಬರಲಿ ನೋಡೋಣ ಅಂತ ಕಾಯಬೇಡಿ. ಓಡಾಡಿಸದೆ ನಿಲ್ಲಿಸಿ, ತಕ್ಷಣ ವೈದ್ಯರನ್ನು ಕರೆಸಿ, ಚೀಲದ ಮೇಲಿನ ಚೀಟಿ ತೋರಿಸಿ.