22 ಸಾವಿರದ ಕೇಬಲ್ ಕೊಳ್ಳಲೇ?

ಪ್ರಶ್ನೆ: ನನಗೆ 58 ವರ್ಷ. ಮನೆಯಲ್ಲಿ ಸ್ಟೀರಿಯೊ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇವೆ. ಲ್ಯಾಪ್‌ಟಾಪ್‌ನಿಂದ ಡ್ಯಾಕ್ (ಡಿಜಿಟಲ್ ಫೈಲನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಸಾಧನ) ಮೂಲಕ ಸಂಗೀತ ಕೇಳುತ್ತೇನೆ. ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್. ಚಾರ್ಜರ್ ಹಾಕಿದಾಗ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ. ಅಂಗಡಿಯವರು ಬೆಳ್ಳಿ ಲೇಪದ ಯುಎಸ್‌ಬಿ ಕೇಬಲ್‌ಗೆ 22,000, ಸ್ಪೀಕರ್ ಕೇಬಲ್‌ಗೆ 30,000 ರೂಪಾಯಿ ಹೇಳಿದರು. 192 ಕಿಲೋಹರ್ಟ್ಸ್ ಫೈಲುಗಳನ್ನೇ ಕೇಳಿ ಎಂದೂ ಹೇಳಿದರು. ಅಪ್ಪ ರೇಡಿಯೊದಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್‌ಗಳು ಒಂದು ಪೆಟ್ಟಿಗೆ ಇವೆ. ಏನು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಕೇಬಲ್ ಬೇಡ. ನಿಮ್ಮ ಪತ್ರದಲ್ಲಿ ನಿಜವಾದ ತೊಂದರೆ ಅಂತ ಇರುವುದು ಆ ಗುಂಯ್ ಒಂದೇ. ಅಂಗಡಿಯವರು ಅದರ ಬಗ್ಗೆ ಏನೂ ಹೇಳಲಿಲ್ಲ ಅನ್ನುವುದೇ ನನಗೆ ವಿಚಿತ್ರ.

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಹಾಡಿಸಿ ನೋಡಿ. ಸದ್ದು ನಿಂತರೆ ಅದು ಹೆಚ್ಚಾಗಿ ಅರ್ತ್‌ನ ಗಲಾಟೆ: ಲ್ಯಾಪ್‌ಟಾಪಿಗೊಂದು ದಾರಿ, ಆಂಪ್ಲಿಫೈಯರಿಗೊಂದು ದಾರಿ ಆಗಿ ನಡುವಿನ ಕೇಬಲ್‌ನಲ್ಲಿ ಕರೆಂಟು ಸುತ್ತುತ್ತಿರುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ಯುಎಸ್‌ಬಿ ಐಸೋಲೇಟರ್ ಅನ್ನುವ ಪುಟ್ಟ ಡಬ್ಬಿ ಸಿಗುತ್ತದೆ, ಅದನ್ನು ನಡುವೆ ಸೇರಿಸಿ. ಯಾರಾದರೂ ‘ಅರ್ತ್ ಪಿನ್ ಕತ್ತರಿಸಿಬಿಡಿ ಸಾರ್’ ಅಂದರೆ ಖಂಡಿತ ಕೇಳಬೇಡಿ. ಸದ್ದು ಹೋದೀತು, ಶಾಕ್ ಹೊಡೆದರೆ ಜೀವವೂ ಹೋದೀತು.

ಇನ್ನು ಬೆಳ್ಳಿ. ಯುಎಸ್‌ಬಿ ಕೇಬಲ್‌ನಲ್ಲಿ ಹರಿಯುವುದು ರಾಗವಲ್ಲ, ಸೊನ್ನೆ–ಒಂದುಗಳ ಲೆಕ್ಕ. ಡ್ಯಾಕ್‌ಗೆ ಹೋಗುವ ಮಾಹಿತಿಯಲ್ಲಿ ಒಂದು ತುಣುಕು ಕೆಟ್ಟರೆ ಅದನ್ನು ಮತ್ತೆ ಕಳಿಸುವ ಏರ್ಪಾಡು ಇಲ್ಲ, ನಿಜ. ಆದರೆ ಹಾಗೆ ಕೆಟ್ಟಾಗ ಟಿಕ್ ಅನ್ನುತ್ತದೆ, ಇಲ್ಲವೇ ಹಾಡು ತುಂಡಾಗುತ್ತದೆ. ‘ತಂಬೂರಿ ಸ್ವಲ್ಪ ಮಂಕಾಯಿತು’ ಅನ್ನುವ ನಾಜೂಕಿನ ಕಾಯಿಲೆ ಅದಕ್ಕೆ ಬರುವುದಿಲ್ಲ. ಹಣದ ಮೊತ್ತವನ್ನು ಚಿನ್ನದ ಪೆನ್ನಿನಲ್ಲಿ ಬರೆದರೆ ಚೆಕ್ಕಿನ ಬೆಲೆ ಏರುತ್ತದೆಯೇ? ಟಿಕ್ ಅನ್ನದ ಕೇಬಲ್ ಒಳ್ಳೆಯ ಕೇಬಲ್, ಅಷ್ಟೇ.

ಸ್ಪೀಕರ್ ವೈರಿನ ವಿಷಯ ಬೇರೆ, ಅಲ್ಲಿ ತಾಮ್ರದ ದಪ್ಪ ಲೆಕ್ಕಕ್ಕೆ ಬರುತ್ತದೆ. ಆದರೆ ಎಲೆಕ್ಟ್ರಿಕಲ್ ಅಂಗಡಿಯ 2.5 ಚದರ ಮಿಲಿಮೀಟರ್ ತಾಮ್ರದ ವೈರು ಐದು ಮೀಟರ್ ದೂರ ಎಳೆದರೂ, ಹೋಗಿ ಬರುವ ಎರಡೂ ಎಳೆ ಸೇರಿ ಅದರ ರೆಸಿಸ್ಟೆನ್ಸ್ 0.1 ಓಮ್ ಕೂಡ ಆಗುವುದಿಲ್ಲ. 8 ಓಮ್‌ನ ಸ್ಪೀಕರಿಗೆ ಅದು ಏನೇನೂ ಅಲ್ಲ.

192 ಕಿಲೋಹರ್ಟ್ಸ್ ಕಥೆಗೆ ಬರೋಣ. ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆದು ಬರೆದಿಟ್ಟಿದೆ ಅನ್ನುವ ಲೆಕ್ಕ ಅದು. ಸಿಡಿಯ 44.1 ಕಿಲೋಹರ್ಟ್ಸ್ ಲೆಕ್ಕವೇ 20 ಸಾವಿರ ಹರ್ಟ್ಸ್‌ವರೆಗಿನ ಸದ್ದನ್ನು ಪೂರ್ತಿ ಹಿಡಿಯುತ್ತದೆ. ನಮ್ಮ ವಯಸ್ಸಿಗೆ ಕಿವಿ ಅಲ್ಲಿಗೆ ತಲುಪುವುದೇ ಇಲ್ಲ ಬಿಡಿ. ಅಮೆರಿಕದ ಬಾಸ್ಟನ್‌ನಲ್ಲಿ ಮೇಯರ್ ಮತ್ತು ಮೋರನ್ ಎಂಬಿಬ್ಬರು ಹೆಚ್ಚಿನ ಗುಣಮಟ್ಟದ ಡಿಸ್ಕುಗಳ ಸದ್ದನ್ನು ನೇರವಾಗಿಯೂ, ಸಿಡಿ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಹೇಳಿ ಅಂದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶ: 554 ಸಲದಲ್ಲಿ ಸರಿಯಾಗಿದ್ದು 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಅದೂ ಅಲ್ಲದೆ ಮನ್ಸೂರರ ಹಳೆಯ 78 ಆರ್‌ಪಿಎಂ ತಟ್ಟೆಯಲ್ಲಿ ಇಲ್ಲದ್ದನ್ನು ಫೈಲಿನ ಸೈಜು ಎಲ್ಲಿಂದ ತಂದುಕೊಟ್ಟೀತು?

ಅಂಗಡಿಯಲ್ಲಿ ಕೇಳಿದಾಗ ವ್ಯತ್ಯಾಸ ಗೊತ್ತಾಯಿತಲ್ಲ ಅನ್ನಬಹುದು. ವಾಲ್ಯೂಮ್ ಒಂದು ಕೂದಲೆಳೆ ಏರಿದರೂ ಕಿವಿಗೆ ‘ಚೆನ್ನಾಗಿದೆ’ ಅಂತಲೇ ಅನ್ನಿಸುತ್ತದೆ. ಕೇಬಲ್ ಮನೆಗೆ ತಂದು ನೋಡಲು ಬಿಟ್ಟರೆ, ವಾಲ್ಯೂಮ್ ಮುಟ್ಟದೆ, ಮಗನಿಗೋ ಮಗಳಿಗೋ ನಿಮ್ಮ ಬೆನ್ನ ಹಿಂದೆ ಬದಲಿಸಲು ಹೇಳಿ. ಹತ್ತು ಸಲಕ್ಕೆ ಒಂಬತ್ತು ಸಲ ಸರಿ ಹೇಳಿದಿರೋ, ನನಗೆ ಇನ್ನೊಂದು ಪತ್ರ ಹಾಕಿ.

ಸ್ಪೀಕರ್ ಶೋಕೇಸಿನ ಮೂಲೆಯಲ್ಲಿ ಕೂತಿದ್ದರೆ ಮೊದಲು ಅದನ್ನು ಇಳಿಸಿ, ಗೋಡೆಯಿಂದ ಒಂದೆರಡು ಅಡಿ ಮುಂದೆ, ಕಿವಿಯ ಎತ್ತರಕ್ಕೆ ಇಡಿ. ಈ ಬಿಟ್ಟಿ ಕೆಲಸ ಮಾಡುವಷ್ಟು ಬದಲಾವಣೆಯನ್ನು ಯಾವ ಕೇಬಲ್ಲೂ ಮಾಡದು. ನೆಲ ಬರಿಯ ಟೈಲ್ಸ್ ಆಗಿದ್ದರೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ.

ದುಡ್ಡು ಹಾಕುವುದಾದರೆ ಅಪ್ಪನ ಕ್ಯಾಸೆಟ್‌ಗಳಿಗೆ ಹಾಕಿ. ಅವು ಬೇರೆ ಯಾರ ಬಳಿಯೂ ಇರಲಿಕ್ಕಿಲ್ಲ, ಟೇಪು ವರ್ಷ ವರ್ಷಕ್ಕೂ ಸೊರಗುತ್ತಿರುತ್ತದೆ. ಒಳ್ಳೆಯ ಸ್ಥಿತಿಯ ಕ್ಯಾಸೆಟ್ ಡೆಕ್ ಹುಡುಕಿ, ಬೆಲ್ಟ್ ಬದಲಾಯಿಸಿ, ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಕಂಪ್ಯೂಟರಿಗೆ ತುಂಬುವಾಗ ಮಾತ್ರ, ಪ್ರತಿ ಅಳತೆಯನ್ನೂ ಹೆಚ್ಚು ಸೂಕ್ಷ್ಮವಾಗಿ ಬರೆದಿಡುವ 24 ಬಿಟ್ ಇಟ್ಟುಕೊಳ್ಳಿ. ಲೆವೆಲ್ ತಗ್ಗಿಸಿ ರೆಕಾರ್ಡ್ ಮಾಡಿದರೂ ಗುಣ ಕೆಡುವುದಿಲ್ಲ, ತಾನ್ ಜೋರಾದಾಗ ಒಡೆಯುವ ಭಯವೂ ಇರದು. ಹೆಡ್ಡಿನ ಪಕ್ಕ ಅದರ ಓರೆ ಸರಿಮಾಡುವ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಪ್ರತಿ ಕ್ಯಾಸೆಟ್‌ಗೂ, ಮೋನೊದಲ್ಲಿ ಕೇಳುತ್ತಾ, ಅದನ್ನು ಎಳ್ಳಷ್ಟೆಳ್ಳಷ್ಟು ತಿರುಗಿಸಿ, ತಂಬೂರಿಯ ಜೀವಾಳ ಎಲ್ಲಿ ಹೆಚ್ಚು ಸ್ಪಷ್ಟ ಅನ್ನಿಸುತ್ತದೋ ಅಲ್ಲಿ ನಿಲ್ಲಿಸಿ, ಆಮೇಲೆ ರೆಕಾರ್ಡ್ ಒತ್ತಿ.